ಡಬ್ಲಿನ್‌ನಿಂದ ಧಾರವಾಡಕ್ಕೆ: ಮಗಳಿಗೊಂದು ಪತ್ರ

ಡಬ್ಲಿನ್, ಐರ್ಲೆಂಡ್, ಡಿಸೆಂಬರ್ 2025

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು "ಅವ್ವಾ, ಅಲ್ಲೆ ನಮ್ಮ ಮಂದಿಗೆ ಹೊಡೀತಾರಂತ, ಖರೇನ?" ಅಂತ ಕೇಳಿದೆ. ನಿನ್ನ ಪಕ್ಕದಲ್ಲಿ ಆಯಿ ಕೂತಿದ್ದರು, ಅದಕ್ಕೇ ಮಾತು ಮರೆಸಿದೆ. ಇವತ್ತು ರಜೆ. ನಿನ್ನ ಪ್ರಶ್ನೆಗೆ ಕೂತು ಉತ್ತರ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಮುಗಿಸಿ ನೀನೂ ಇಲ್ಲಿಗೆ ಬರುವವಳು, ಈ ಊರು ಹೇಗಿದೆಯೋ ಹಾಗೆಯೇ ನಿನಗೆ ಗೊತ್ತಿರಬೇಕು.

ಬಂದ ಹೊಸದರಲ್ಲಿ ನನ್ನನ್ನು ಕಂಗೆಡಿಸಿದ್ದು ಕತ್ತಲು. ದೀಪಾವಳಿ ಮುಗಿಸಿ ಬಂದಿಳಿದೆನಲ್ಲ, ಅದೇ ಅಕ್ಟೋಬರಿನ ಕೊನೆಯ ಭಾನುವಾರ ಇಡೀ ದೇಶ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸಿತು. ನಮ್ಮಿಬ್ಬರ ನಡುವೆ ನಾಲ್ಕೂವರೆ ತಾಸಿದ್ದ ಅಂತರ ಐದೂವರೆ ಆಯಿತು. ಈಗ ಸೂರ್ಯ ಹುಟ್ಟುವುದು ಎಂಟೂವರೆಯ ಮೇಲೆ, ನಾಲ್ಕು ಹೊಡೆದು ಸ್ವಲ್ಪ ಹೊತ್ತಿಗೆಲ್ಲ ಮುಳುಗಿಬಿಡುತ್ತಾನೆ. ಆಸ್ಪತ್ರೆಯಲ್ಲಿ ಹನ್ನೆರಡು ತಾಸಿನ ನರ್ಸ್ ಡ್ಯೂಟಿ ಇದ್ದ ದಿನ ಕತ್ತಲಲ್ಲಿ ಹೋಗಿ ಕತ್ತಲಲ್ಲೇ ಬರುತ್ತೇನೆ. ಜೂನಿನಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತದಂತೆ. ನೀನು ಬರುವುದು ಆ ಕಾಲಕ್ಕೇ ಅನ್ನುವುದು ನನಗೊಂದು ಸಮಾಧಾನ.

ಮಳೆಯ ಬಗ್ಗೆ ಹೆಚ್ಚು ಹೆದರಬೇಡ. ನಮ್ಮೂರಿನ ಶ್ರಾವಣದ ಜಿಟಿಜಿಟಿಯನ್ನು ವರ್ಷಪೂರ್ತಿ ಹಂಚಿದ ಹಾಗಿದೆ ಅಷ್ಟೇ. ವರ್ಷಕ್ಕೆ ಬೀಳುವುದು ಸುಮಾರು 750 ಮಿ.ಮೀ., ಆಗುಂಬೆಯಲ್ಲಿ ಅದರ ಹತ್ತರಷ್ಟು ಬೀಳುತ್ತದೆ. ಗಾಳಿ ಮಾತ್ರ ಜೋರು. ಛತ್ರಿ ನಿಲ್ಲುವುದಿಲ್ಲ, ತರಬೇಡ, ಟೋಪಿ ಇರುವ ಜಾಕೆಟ್ ಇಲ್ಲೇ ಕೊಳ್ಳೋಣ. ವಾಹನಗಳು ನಮ್ಮಲ್ಲಿಯಂತೆ ಎಡಕ್ಕೇ ಓಡುತ್ತವೆ. ಬಸ್ ಸ್ಟಾಪಿನಲ್ಲಿ ಕೈ ಚಾಚಬೇಕು, ಇಲ್ಲದಿದ್ದರೆ ಡಬಲ್ ಡೆಕ್ಕರ್ ನಿಲ್ಲದೆ ಹೋಗಿಬಿಡಬಹುದು. ಇಳಿಯುವಾಗ ಮುದುಕರಿಂದ ಹಿಡಿದು ಶಾಲೆಯ ಹುಡುಗರ ತನಕ ಹೆಚ್ಚುಕಡಿಮೆ ಎಲ್ಲರೂ ಡ್ರೈವರ್‌ಗೆ ಥ್ಯಾಂಕ್ಸ್ ಹೇಳುತ್ತಾರೆ. ಈ ರೂಢಿ ನನಗೆ ಬಹಳ ಹಿಡಿಸಿತು.

ಮನೆಯದೇ ದೊಡ್ಡ ಕಷ್ಟ. ಡಬ್ಲಿನ್‌ನಲ್ಲಿ ಹೊಸದಾಗಿ ಮನೆ ಹಿಡಿಯಲು ಹೋದರೆ ಸರಾಸರಿ ಬಾಡಿಗೆ ತಿಂಗಳಿಗೆ ಎರಡು ಸಾವಿರ ಯೂರೋ ದಾಟುತ್ತದೆ. ಸದ್ಯಕ್ಕೆ ಕೇರಳದ ಒಬ್ಬ ನರ್ಸ್ ಜೊತೆ ಒಂದು ರೂಮಿನಲ್ಲಿದ್ದೇನೆ. ಭಾರತದಿಂದ ಬಂದ ನರ್ಸುಗಳಲ್ಲಿ ಕೇರಳದವರೇ ಹೆಚ್ಚು. ಜೋಳದ ಹಿಟ್ಟು ಅಂಗಡಿಯಲ್ಲಿ ಸಿಗುತ್ತದೆ, ಆದರೆ ಹಳೆಯದಾಗಿ ಜಿಗಿ ಹೋಗಿರುತ್ತದೆ, ಬಡಿಯುವಾಗ ರೊಟ್ಟಿ ಹರಿಯುತ್ತದೆ.

ಈಗ ನಿನ್ನ ಪ್ರಶ್ನೆ. ಖರೆ, ಮಗಳೇ. ಹೋದ ಬೇಸಿಗೆಯಲ್ಲಿ ಡಬ್ಲಿನ್‌ನಲ್ಲಿ ಭಾರತೀಯರ ಮೇಲೆ ಹಲ್ಲೆಗಳಾದವು. ನಿರ್ಜನ ಜಾಗಗಳಲ್ಲಿ ಓಡಾಡಬೇಡಿ ಅಂತ ನಮ್ಮ ರಾಯಭಾರ ಕಚೇರಿಯೇ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ನನ್ನ ಜೊತೆಗಾತಿಗೂ ಒಮ್ಮೆ ಬಸ್ ಸ್ಟಾಪಿನಲ್ಲಿ ಹುಡುಗರ ಗುಂಪೊಂದು ನಿಮ್ಮ ದೇಶಕ್ಕೆ ಹೋಗಿ ಅಂತ ಕೂಗಿತ್ತು. ಹಾಗಾಗಿ ತಡರಾತ್ರಿ ಡ್ಯೂಟಿ ಮುಗಿದರೆ ನಾವು ಇಬ್ಬರು ಮೂವರು ಕೂಡಿಯೇ ಬರುತ್ತೇವೆ. ಇದನ್ನೂ ತಿಳಿದುಕೋ: ಟಾಲಾ ಎಂಬ ಬಡಾವಣೆಯಲ್ಲಿ ಹಲ್ಲೆ ಆದಾಗ ನೂರಾರು ಜನ ಅದನ್ನು ವಿರೋಧಿಸಿ ಅಲ್ಲೇ ಬೀದಿಗಿಳಿದರು. ಆಗಿನ ರಾಷ್ಟ್ರಾಧ್ಯಕ್ಷ ಮೈಕೆಲ್ ಡಿ. ಹಿಗ್ಗಿನ್ಸ್ ಬಹಿರಂಗವಾಗಿಯೇ ಖಂಡಿಸಿದರು.

ಇಷ್ಟು ಹೇಳಿ ನಿಲ್ಲಿಸಲು ನನಗೆ ಮನಸ್ಸಿಲ್ಲ, ಯಾಕೆಂದರೆ ಈ ಊರಿನೊಂದಿಗೆ ನಮ್ಮ ನಂಟು ನಾನು ಬರುವ ಮೊದಲೇ ಶುರುವಾಗಿತ್ತು. ಆಸ್ಪತ್ರೆಯಲ್ಲಿ ಮೊದಲ ವಾರಗಳು ಅಡಾಪ್ಟೇಶನ್, ಅಂದರೆ ಹಿರಿಯ ನರ್ಸುಗಳ ಉಸ್ತುವಾರಿಯಲ್ಲಿ ಕೆಲಸ. ಅದರಲ್ಲಿ ಸೆಪ್ಸಿಸ್, ಅಂದರೆ ಸೋಂಕಿನಿಂದ ಮೈಯ ಅಂಗಾಂಗಗಳೇ ಕೆಡತೊಡಗುವ ಸ್ಥಿತಿಯ ಬಗ್ಗೆ ಒಂದು ತರಬೇತಿ ಇತ್ತು. ಅದರ ಸಂಶಯ ಬಂದರೆ ಒಂದು ತಾಸಿನೊಳಗೆ ಆರು ಕೆಲಸ ಆಗಬೇಕು. ಮೂರು ನೋಡುವುದು: ಬ್ಲಡ್ ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯೇ ಎಂಬ ಪರೀಕ್ಷೆ), ಲ್ಯಾಕ್ಟೇಟ್ ಎಂಬ ಅಂಶದ ಅಳತೆಯೂ ಸೇರಿ ರಕ್ತಪರೀಕ್ಷೆ, ಮೂತ್ರದ ಪ್ರಮಾಣ. ಮೂರು ಕೊಡುವುದು: ಆಮ್ಲಜನಕ, ಸಲೈನ್, ಆ್ಯಂಟಿಬಯಾಟಿಕ್. ಕಲಿಸುತ್ತಿದ್ದವರು ಈ ನಿಯಮ ಈ ದೇಶಕ್ಕೆ ಹೇಗೆ ಬಂತು ಅಂತ ವಿವರಿಸುವಾಗ ಒಂದು ಹೆಸರು ಹೇಳಿದರು. ಸವಿತಾ. ನನ್ನ ಕೈಕಾಲು ತಣ್ಣಗಾದವು.

ಸವಿತಾ ಹಾಲಪ್ಪನವರ ಬೆಳಗಾವಿಯ ಮಗಳು. ನಮ್ಮೂರಿಂದ ಬಸ್ಸಿನಲ್ಲಿ ಎರಡು ತಾಸಿನ ದಾರಿ. ಹಲ್ಲಿನ ಡಾಕ್ಟರು, ವಯಸ್ಸು 31. 2012ರ ಅಕ್ಟೋಬರಿನಲ್ಲಿ, ಹದಿನೇಳು ವಾರದ ಬಸಿರಿದ್ದಾಗ ಇದೇ ದೇಶದ ಗಾಲ್ವೆ ಎಂಬ ಊರಿನ ಆಸ್ಪತ್ರೆಗೆ ಸೇರಿದಳು. ಗರ್ಭ ಉಳಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಭ್ರೂಣದ ಎದೆಬಡಿತ ಇರುವ ತನಕ ಗರ್ಭಪಾತ ಮಾಡಲು ಕಾನೂನು ಬಿಡುವುದಿಲ್ಲ ಅಂದರು. ಸೋಂಕು ಮೈಯೆಲ್ಲ ಏರಿತು, ಅದನ್ನು ಸಮಯಕ್ಕೆ ಗುರುತಿಸಲಿಲ್ಲ. ಅಕ್ಟೋಬರ್ 28ರಂದು ತೀರಿಕೊಂಡಳು. ಆಮೇಲಿನ ತನಿಖೆಗಳು ತಪ್ಪಿಹೋದ ಅವಕಾಶಗಳನ್ನು ಒಂದೊಂದಾಗಿ ಬರೆದಿಟ್ಟವು. 2014ರಲ್ಲಿ ಇಡೀ ದೇಶಕ್ಕೆ ಸೆಪ್ಸಿಸ್ ಮಾರ್ಗಸೂಚಿ ಬಂತು. 2018ರ ಮೇ 25ರಂದು ಜನ ಮತ ಹಾಕಿ, ಗರ್ಭಪಾತವನ್ನು ತಡೆಯಲು ಸಂವಿಧಾನಕ್ಕೆ 1983ರಲ್ಲಿ ಸೇರಿಸಿದ್ದ ತಿದ್ದುಪಡಿಯನ್ನು ತೆಗೆದುಹಾಕಿದರು, ನೂರಕ್ಕೆ 66 ಮಂದಿ. ಆಗ ಡಬ್ಲಿನ್‌ನ ಪೋರ್ಟೊಬೆಲ್ಲೊ ಬಡಾವಣೆಯ ಗೋಡೆಯೊಂದರ ಮೇಲೆ ಸವಿತಾಳ ದೊಡ್ಡ ಚಿತ್ರ ಬರೆದಿದ್ದರು. ಜನ ಸಾಲಾಗಿ ಬಂದು, ನಮ್ಮನ್ನು ಕ್ಷಮಿಸು ಅಂತ ಚೀಟಿ ಬರೆದು ಅದಕ್ಕೆ ಅಂಟಿಸಿ ಹೋದರು. ಆ ಚೀಟಿಗಳನ್ನು ಡಬ್ಲಿನ್ ನಗರದ ಗ್ರಂಥಾಲಯದವರು ಜೋಪಾನವಾಗಿ ಇಟ್ಟಿದ್ದಾರೆ.

ನನಗೆ ಸಿಟ್ಟು ಹೋಗಿಲ್ಲ. ಆ ತಂದೆತಾಯಿಗೆ ಮಗಳು ಮರಳಿ ಬರುವುದಿಲ್ಲ. ಆದರೆ ಒಬ್ಬ ಪರದೇಶದ ಹೆಣ್ಣುಮಗಳ ಸಾವನ್ನು ತಮ್ಮ ಮನೆಯ ಸಾವು ಅಂತ ತಿಳಿದು ಕಾನೂನನ್ನೇ ಬದಲಿಸಿದ ಜನರೂ ಇವರೇ. ಬಸ್ ಸ್ಟಾಪಿನ ಆ ಹುಡುಗರನ್ನು ನೆನೆಸಿಕೊಳ್ಳುವಾಗ ಇವರನ್ನೂ ನೆನೆಸಿಕೋ.

ಇಮಿಗ್ರೇಶನ್ ಕಾರ್ಡಿಗಾಗಿ ಹೋದ ದಿನ ಲಿಫ್ಫಿ ನದಿಯ ದಂಡೆಯಲ್ಲಿ ಕಂಚಿನ ಮೂರ್ತಿಗಳನ್ನು ನೋಡಿದೆ. ಎಲುಬು ಕಾಣುವ ಗಂಡಸರು, ಹೆಂಗಸರು, ಎದೆಗೆ ಗಂಟು ಅವುಚಿಕೊಂಡು ಹಡಗಿನ ಕಡೆ ನಡೆಯುತ್ತಿದ್ದಾರೆ. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಶುರುವಾದ ಬರಗಾಲ ಅದು. ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. 1841ರಲ್ಲಿ ಈ ದ್ವೀಪದಲ್ಲಿ 80 ಲಕ್ಷದ ಮೇಲೆ ಜನರಿದ್ದರು, ಇವತ್ತಿಗೂ ಅಷ್ಟಾಗಿಲ್ಲ. 1950ರ ದಶಕದಲ್ಲಿ ಮತ್ತೆ ಸುಮಾರು ನಾಲ್ಕು ಲಕ್ಷ ಜನ ಹೋದರು. ನಮ್ಮ ವಾರ್ಡಿನ ಅಜ್ಜಿಯೊಬ್ಬರ ಅಣ್ಣಂದಿರು ಆಗ ಇಂಗ್ಲೆಂಡಿಗೆ ಹೋದವರು ಊರಿಗೆ ತಿರುಗಿ ಬರಲೇ ಇಲ್ಲವಂತೆ. ನಾನು ಬಿಪಿ ನೋಡಲು ಹೋದಾಗಲೆಲ್ಲ ಅವರು ಕೇಳುವುದು ನಿನ್ನನ್ನೇ: ಮಗಳು ಫೋನ್ ಮಾಡಿದಳಾ, ಯಾರ ಹತ್ತಿರ ಇದ್ದಾಳೆ, ಎಂದು ಬರುತ್ತಾಳೆ?

ಇನ್ನು ನಿನ್ನ ಓದು. ಇಲ್ಲಿ ಜೂನಿಯರ್ ಸರ್ಟ್, ಅಂದರೆ ಹೈಸ್ಕೂಲಿನ ಮೂರನೇ ವರ್ಷದ ಬೋರ್ಡ್ ಪರೀಕ್ಷೆ ಆದ ಮೇಲೆ ಬೇಕಾದವರು ಟ್ರಾನ್ಸಿಷನ್ ಇಯರ್ ಅಂತ ಒಂದು ವರ್ಷ ಮಾಡುತ್ತಾರೆ. ಬೋರ್ಡ್ ಪರೀಕ್ಷೆ ಇಲ್ಲ, ಅಂಗಡಿ ಆಫೀಸುಗಳಲ್ಲಿ ಕೆಲಸ ನೋಡಿ ಕಲಿಯುತ್ತಾರೆ. ಬೇಡವಾದರೆ ನೇರ ಐದನೇ ವರ್ಷ, ಎರಡು ವರ್ಷಕ್ಕೆ ಲೀವಿಂಗ್ ಸರ್ಟ್, ಅಂದರೆ ಶಾಲೆ ಮುಗಿಸುವ ಪರೀಕ್ಷೆ. ಐರಿಶ್ ಭಾಷೆಯಿಂದ ಹೊರದೇಶದಿಂದ ಬಂದ ನಿನ್ನ ವಯಸ್ಸಿನವರು ವಿನಾಯಿತಿ ಕೇಳಬಹುದು. ನನ್ನ ಮನಸ್ಸು ಟ್ರಾನ್ಸಿಷನ್ ಇಯರ್ ಕಡೆಗಿದೆ, ಗೆಳತಿಯರಾಗಲು ಸಮಯ ಸಿಗುತ್ತದೆ. ಆದರೆ ಓದುವವಳು ನೀನು. ಅಪ್ಪಾಜಿ ಜೊತೆ ಕೂತು ಮಾತಾಡಿ ಭಾನುವಾರ ನನಗೆ ಹೇಳು. ಆಯಿಗೂ ಒಂದು ಮಾತು ತಿಳಿಸು: ಹಾಲಿನ ಪದಾರ್ಥ ಇಲ್ಲಿಗೆ ತರುವಂತಿಲ್ಲ, ತುಪ್ಪ, ಪೇಡೆ ಕಟ್ಟುವುದು ಬೇಡ. ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಎಷ್ಟು ಕಟ್ಟಿದರೂ ನಡೆಯುತ್ತದೆ.

ನಿನ್ನ ಅವ್ವ