ಹೆಸರು ಹೋಲುತ್ತದೆ, ಸರಿ. ಮೊದಲು ಇಟ್ಟವರು ಯಾರು ಅಂತ ಕೇಳಿದಿರಾ?

ಗೆ,
ಗ್ರೀವೆನ್ಸ್ ಆಫೀಸರ್ (ದೂರು ವಿಚಾರಿಸುವ ಅಧಿಕಾರಿ) ಅವರಿಗೆ,
ವಿಡಿಯೊ ಸೇವಾ ಕಂಪನಿ

ಇಂದ,
ಸಂಪಾದಕ,
ಕನ್ನಡ ವಾರಪತ್ರಿಕೆ, ಹಾವೇರಿ ಜಿಲ್ಲೆ

ವಿಷಯ: ಟ್ರೇಡ್‌ಮಾರ್ಕ್ ದೂರಿನ ಮೇಲೆ ನಮ್ಮ ಸುದ್ದಿ ಚಾನೆಲ್ ತೆಗೆದುಹಾಕಿರುವ ಬಗ್ಗೆ

ಮಾನ್ಯರೇ,

ಕಳೆದ ತಿಂಗಳು ನಮ್ಮ ವಾರಪತ್ರಿಕೆಯ ವಿಡಿಯೊ ಚಾನೆಲ್ಲನ್ನು ನೀವು ತೆಗೆದುಹಾಕಿದ್ದೀರಿ. ಕಾರಣ ಅಂತ ಬರೆದದ್ದು ಒಂದೇ ಸಾಲು: ನಮ್ಮ ಹೆಸರು ಇನ್ನೊಂದು ಸುದ್ದಿ ಸಂಸ್ಥೆಯ ಟ್ರೇಡ್‌ಮಾರ್ಕನ್ನು ಹೋಲುತ್ತದೆ. ಹೌದು, ಹೋಲುತ್ತದೆ. ಅದರಲ್ಲಿ ನಮ್ಮ ತಕರಾರಿಲ್ಲ. ನಮ್ಮ ಹೆಸರಿನ ಎರಡೂ ಪದ ಅವರ ಹೆಸರಿನಲ್ಲಿವೆ, ಅದೇ ಕ್ರಮದಲ್ಲಿ. ಕೊನೆಗೆ ‘ನ್ಯೂಸ್’ ಅಂತ ಸೇರಿಸಿಕೊಂಡಿದ್ದಾರೆ, ಅಷ್ಟೇ. ನನ್ನ ದೂರು ಬೇರೆ. ಎರಡು ಹೆಸರು ಒಂದೇ ಥರ ಇದ್ದಾಗ ಯಾವುದು ಮೊದಲು ಬಂತು ಅಂತ ನೋಡಬೇಕು. ನೀವು ನೋಡಲಿಲ್ಲ. ನಾವು ಹೇಳಲು ಬಂದರೆ ಕೇಳಲೂ ಇಲ್ಲ.

ಈ ಪತ್ರವನ್ನು ನಮ್ಮ ಪತ್ರಿಕೆಯಲ್ಲೂ ಹಾಕುತ್ತಿದ್ದೇನೆ. ಚಾನೆಲ್ ಯಾಕೆ ಕಾಣ್ತಿಲ್ಲ ಅಂತ ಓದುಗರು ಫೋನ್ ಮಾಡಿ ಕೇಳುತ್ತಿದ್ದಾರೆ, ಉತ್ತರ ಕೊಡಬೇಕಲ್ಲ. ಜಗಳ ಕೋರ್ಟಿಗೆ ಹೋಗಬಹುದು ಎಂಬ ಕಾರಣಕ್ಕೆ ಎದುರಿನವರ ಹೆಸರನ್ನಾಗಲಿ ನಿಮ್ಮ ಕಂಪನಿಯ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ. ನಿಮಗೆ ಕಳಿಸಿದ ಪ್ರತಿಯ ಲಗತ್ತುಗಳಲ್ಲಿ ಎಲ್ಲವೂ ಇದೆ.

ಮೊದಲು ತಾರೀಖುಗಳು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದರ ಮರುವರ್ಷ ನಮ್ಮ ಪತ್ರಿಕೆ ಶುರುವಾಯಿತು. ಆಗ 1867ರ ಪತ್ರಿಕಾ ನೋಂದಣಿ ಕಾಯ್ದೆ ಇತ್ತು. ದೆಹಲಿಯ ಪತ್ರಿಕಾ ರಿಜಿಸ್ಟ್ರಾರ್ ಕಚೇರಿಯಿಂದ ಶೀರ್ಷಿಕೆಗೆ ಒಪ್ಪಿಗೆ ಬರಬೇಕಿತ್ತು. ಅದೇ ಭಾಷೆಯಲ್ಲೋ ಅದೇ ರಾಜ್ಯದಲ್ಲೋ ಅಂಥದೇ ಹೆಸರಿನ ಪತ್ರಿಕೆ ಇನ್ನೊಬ್ಬರದ್ದು ಇದ್ದರೆ ಶೀರ್ಷಿಕೆ ಸಿಗುತ್ತಿರಲಿಲ್ಲ. ಆಮೇಲೆ ಜಿಲ್ಲಾ ಮ್ಯಾಜಿಸ್ಟ್ರೇಟರ ಮುಂದೆ ಡಿಕ್ಲರೇಷನ್, ಅಂದರೆ ಪತ್ರಿಕೆ ಹೊರಡಿಸುತ್ತೇವೆ ಎಂಬ ಘೋಷಣೆ. ಇವೆಲ್ಲ ಮುಗಿಸಿಯೇ ಮೊದಲ ಸಂಚಿಕೆ ಹೊರಗೆ ಬಂತು. ವಿಡಿಯೊ ಚಾನೆಲ್ ತೆರೆದದ್ದು 2016ರಲ್ಲಿ, ಅದೇ ಹೆಸರು, ಅದೇ ಲೋಗೊ. ದೂರು ಕೊಟ್ಟ ಕಂಪನಿ ಹುಟ್ಟಿದ್ದೇ ಹೋದ ವರ್ಷ.

ಹಾಗಿದ್ದೂ ಅವರ ಮಾತು ನಿಮ್ಮಲ್ಲಿ ಹೇಗೆ ನಡೆಯಿತು? ನನಗೆ ತಿಳಿದ ಮಟ್ಟಿಗೆ ಒಂದು ನಂಬರಿನಿಂದ. ನಿಮ್ಮ ದೂರಿನ ಫಾರಂನಲ್ಲಿ ‘ಟ್ರೇಡ್‌ಮಾರ್ಕ್ ನೋಂದಣಿ ಸಂಖ್ಯೆ’ ಅಂತ ಒಂದು ಖಾನೆ ಇದೆ. ಅವರು ಅಲ್ಲಿ ಬರೆದದ್ದು ಅರ್ಜಿಯ ಸಂಖ್ಯೆ. ಭಾರತದಲ್ಲಿ ಅರ್ಜಿ ಹಾಕಿದಾಗ ಸಿಗುವ ನಂಬರೇ ಮುಂದೆ ನೋಂದಣಿ ಆದಮೇಲೂ ಇರುತ್ತದೆ. ಅಂದರೆ ನಂಬರ್ ನೋಡಿದರೆ ನೋಂದಣಿ ಆಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ಟ್ರೇಡ್‌ಮಾರ್ಕ್ ಕಚೇರಿಯ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿ ಸ್ಟೇಟಸ್ ನೋಡಬೇಕು. ಅದಕ್ಕೆ ದುಡ್ಡಿಲ್ಲ, ವಕೀಲರೂ ಬೇಡ, ಯಾರು ಬೇಕಾದರೂ ನೋಡಬಹುದು.

ನಾನು ನೋಡಿದೆ. ಸ್ಟೇಟಸ್: ‘ಆಬ್ಜೆಕ್ಟೆಡ್’. ಅರ್ಜಿ ಪರಿಶೀಲಿಸಿದ ಅಧಿಕಾರಿಯೇ ಆಕ್ಷೇಪ ಎತ್ತಿದ್ದಾರೆ, ಅದಿನ್ನೂ ಬಗೆಹರಿದಿಲ್ಲ. ಇನ್ನೊಂದು ಸಾಲು ನನಗೆ ಇದಕ್ಕಿಂತ ಮುಖ್ಯವಾಗಿ ಕಂಡಿತು. ಈ ಹೆಸರನ್ನು ಯಾವಾಗಿನಿಂದ ಬಳಸುತ್ತಿದ್ದೀರಿ ಎಂಬಲ್ಲಿ ಅವರು ‘ಪ್ರೊಪೋಸ್ಡ್ ಟು ಬಿ ಯೂಸ್ಡ್’ ಅಂತ ಹಾಕಿದ್ದಾರೆ. ಇನ್ನು ಮುಂದೆ ಬಳಸುತ್ತೇವೆ ಅಂತ. ಇದು ನಾನು ಅವರ ಮೇಲೆ ಹೊರಿಸಿದ ಮಾತಲ್ಲ, ಸರ್ಕಾರದ ಮುಂದೆ ಅವರೇ ಬರೆದುಕೊಟ್ಟದ್ದು. ಅರ್ಜಿ ಹಾಕಿದ ದಿನ ಅವರು ಇನ್ನೂ ಬಳಸದ ಹೆಸರು ಅದು. ಆ ಹೊತ್ತಿಗೆ ನಾವು ಅದೇ ಹೆಸರಿನಲ್ಲಿ ಇಪ್ಪತ್ತೈದು ವರ್ಷಕ್ಕಿಂತ ಜಾಸ್ತಿ ಪತ್ರಿಕೆ ಹಂಚಿದ್ದೆವು.

ನಿಮಗೆ ಮೇಲ್ಮನವಿ ಹಾಕಲು ಹೋದಾಗ ಅದೇ ಖಾನೆ ನಮಗೂ ಎದುರಾಯಿತು. ನಮ್ಮ ಬಳಿ ಟ್ರೇಡ್‌ಮಾರ್ಕ್ ನಂಬರ್ ಇಲ್ಲ. ಖಾಲಿ ಬಿಟ್ಟರೆ ಫಾರಂ ಮುಂದಕ್ಕೇ ಹೋಗುವುದಿಲ್ಲ. ಪತ್ರಿಕಾ ನೋಂದಣಿಯ ಸರ್ಟಿಫಿಕೇಟ್, ಹಳೆಯ ಸಂಚಿಕೆಗಳು, ಜಾಹೀರಾತಿನ ಬಿಲ್ಲುಗಳನ್ನು ಈಮೇಲಿನಲ್ಲಿ ಕಳಿಸಿದೆವು. ‘ದೂರುದಾರರನ್ನು ಸಂಪರ್ಕಿಸಿ ಬಗೆಹರಿಸಿಕೊಳ್ಳಿ’ ಎಂಬ ಸಿದ್ಧ ಉತ್ತರ ಬಂತು. ಮತ್ತೆ ಬರೆದರೆ ಮತ್ತೆ ಅದೇ ಉತ್ತರ, ಅದೇ ಅಲ್ಪವಿರಾಮಗಳೊಂದಿಗೆ. ಸರಿ, ಸಂಪರ್ಕಿಸಿದೆವು. ನಮ್ಮ ಹೆಸರಿನ ಕೊನೆಗೆ ‘ವಾರಪತ್ರಿಕೆ’ ಅಂತ ಸೇರಿಸಿಕೊಂಡರೆ ದೂರು ವಾಪಸ್ ತೆಗೆದುಕೊಳ್ಳುವ ಬಗ್ಗೆ ಯೋಚಿಸುತ್ತಾರಂತೆ! ನಮ್ಮ ಹೆಸರಿಗೆ ಬಾಲ ಅಂಟಿಸಿಕೊಳ್ಳಲು ಅವರ ಅನುಮತಿ.

ಈಗ ನಿಮ್ಮವರು ಹೇಳಬಹುದಾದ ಮಾತು ನನಗೆ ಗೊತ್ತಿದೆ. ಪತ್ರಿಕೆಯ ಶೀರ್ಷಿಕೆ ಬೇರೆ, ಟ್ರೇಡ್‌ಮಾರ್ಕ್ ಬೇರೆ ಅಂತ. ನಿಜ. ಶೀರ್ಷಿಕೆ ಸಿಕ್ಕ ಮಾತ್ರಕ್ಕೆ ಟ್ರೇಡ್‌ಮಾರ್ಕಿನ ಹಕ್ಕು ಬರುವುದಿಲ್ಲ. ಆದರೆ ನಾವು ಯಾವಾಗಿನಿಂದ ಈ ಹೆಸರಿನಲ್ಲಿದ್ದೇವೆ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ? ಇನ್ನು, ಟ್ರೇಡ್‌ಮಾರ್ಕ್ ನೋಂದಣಿ ಮಾಡಿಸಲೇಬೇಕು ಎಂಬ ಕಡ್ಡಾಯ ಈ ದೇಶದಲ್ಲಿಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 27ನೇ ಕಲಂ ನೋಂದಣಿ ಇಲ್ಲದವರಿಗೂ ‘ಪಾಸಿಂಗ್ ಆಫ್’ (ಒಬ್ಬರ ಹೆಸರಿನ ಮೇಲೆ ಇನ್ನೊಬ್ಬರು ತಮ್ಮ ವ್ಯಾಪಾರ ಸಾಗಿಸುವುದು) ದಾವೆ ಹೂಡುವ ದಾರಿ ಉಳಿಸಿದೆ. 34ನೇ ಕಲಂ ಇನ್ನೂ ಮುಂದಕ್ಕೆ ಹೋಗುತ್ತದೆ. ಮೊದಲಿನಿಂದ ಒಂದು ಹೆಸರನ್ನು ಬಳಸುತ್ತಾ ಬಂದವರನ್ನು, ಆಮೇಲೆ ಬಂದು ನೋಂದಣಿ ಮಾಡಿಸಿಕೊಂಡವರು ತಡೆಯುವಂತಿಲ್ಲ. ನೋಂದಣಿ ಆದವರಿಗೇ ಆ ಹಕ್ಕಿಲ್ಲ ಅಂದಮೇಲೆ ಬರೀ ಅರ್ಜಿ ಹಾಕಿದವರಿಗೆ ಎಲ್ಲಿಂದ ಬಂತು?

ಇದು ಸುಮ್ನೆ ಪುಸ್ತಕದ ಮಾತೂ ಅಲ್ಲ. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾ ಕೇಳಿರುತ್ತೀರಿ. ಆ ಹೆಸರಿನ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮೊದಲು ಬಳಸಿದವರ ಹಕ್ಕು ನೋಂದಣಿಯ ಹಕ್ಕಿಗಿಂತ ದೊಡ್ಡದು ಅಂತ 2015ರಲ್ಲಿ ತೀರ್ಪು ಬಂತು. ಅಂತರ್ಜಾಲದ ಹೆಸರುಗಳಿಗೂ ಪಾಸಿಂಗ್ ಆಫ್ ನಿಯಮ ಅನ್ವಯಿಸುತ್ತದೆ ಅಂತ ಅದೇ ಕೋರ್ಟು 2004ರಲ್ಲೇ ಹೇಳಿತ್ತು. ಅದು ಸಿಫಿ ಮತ್ತು ಸಿಫಿನೆಟ್ ಎಂಬ ಎರಡು ಅಂತರ್ಜಾಲ ಕಂಪನಿಗಳ ನಡುವಿನ ವ್ಯಾಜ್ಯ. ಶುರುವಾದದ್ದು ನಮ್ಮ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ.

ನಮ್ಮ ಹೆಸರಿನ ಎರಡನೆಯ ಪದ ‘ವಾಣಿ’. ಅದು ನಮ್ಮ ಸ್ವತ್ತು ಅಂತ ನಾವು ಎಂದೂ ಹೇಳಿಲ್ಲ. ಪ್ರಜಾವಾಣಿ 1948ರಿಂದ ಇದೆ. ಆಮೇಲೆ ಉದಯವಾಣಿ ಬಂತು, 2012ರಲ್ಲಿ ವಿಜಯವಾಣಿ ಬಂತು. ಉದಯವಾಣಿ ಕೇಳಿದವನಿಗೆ ಅಂಗಡಿಯವನು ಪ್ರಜಾವಾಣಿ ಕೊಡುವುದಿಲ್ಲ. ಮೊದಲ ಪದ ಬೇರೆಯಾಗಿರುವಾಗ ‘ವಾಣಿ’ ಎಷ್ಟು ಮಂದಿಯ ಬಳಿ ಇದ್ದರೂ ಗೊಂದಲವಿಲ್ಲ. ನಮ್ಮ ಮೊದಲ ಪದವೂ ದಿನಬಳಕೆಯದೇ. ಆದರೆ ಎರಡು ಸಾದಾ ಪದ ಸೇರಿ, ವರ್ಷಗಟ್ಟಲೆ ಒಬ್ಬರ ಗುರುತಾಗಿ ಓಡಾಡಿದರೆ ಆ ಜೋಡಿ ಅವರದ್ದಾಗುತ್ತದೆ. ಹಿಂದಿ ಸುದ್ದಿ ಚಾನೆಲ್ ‘ಆಜ್ ತಕ್’ ವಿಷಯದಲ್ಲಿ ದೆಹಲಿ ಹೈಕೋರ್ಟ್ 2002ರಲ್ಲಿ ಹೇಳಿದ್ದು ಇದನ್ನೇ. ಅಲ್ಲಿ ಎದುರಿನವರು ಇಟ್ಟುಕೊಂಡ ಹೆಸರು ‘ಖಬರೇಂ ಆಜ್ ತಕ್’. ‘ಸುದ್ದಿ’ ಎಂಬ ಅರ್ಥದ ಒಂದು ಪದ ಸೇರಿಸಿದ್ದು ಅವರನ್ನು ಉಳಿಸಲಿಲ್ಲ. ನಮ್ಮ ಎದುರಿನವರು ಸೇರಿಸಿದ್ದು ‘ನ್ಯೂಸ್’. ಅವರು ಮುಂದೆ ಅಂಟಿಸಿದರು, ಇವರು ಹಿಂದೆ ಅಂಟಿಸಿದ್ದಾರೆ.

ಟ್ರೇಡ್‌ಮಾರ್ಕಿಗೆ ಸರಕು, ಸೇವೆಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ. ಅವರು ಅರ್ಜಿ ಹಾಕಿರುವುದು 38 (ಪ್ರಸಾರ) ಮತ್ತು 41ನೇ (ಮನರಂಜನೆ ಥರದ ಸೇವೆ) ವರ್ಗದಲ್ಲಿ, ಅಚ್ಚಾದ ಪತ್ರಿಕೆ ಬರುವುದು 16ನೇ ವರ್ಗದಲ್ಲಿ, ಹಾಗಾಗಿ ಎರಡಕ್ಕೂ ಸಂಬಂಧವಿಲ್ಲ ಅಂತ ಅವರ ಕಡೆಯವರು ಫೋನಿನಲ್ಲಿ ವಾದಿಸಿದರು. ಸಂಬಂಧವೇ ಇಲ್ಲದಿದ್ದರೆ ದೂರು ಯಾಕೆ ಕೊಟ್ಟರು, ಅದು ನನಗೆ ಅರ್ಥವಾಗಿಲ್ಲ. ಇರಲಿ. ಕರ್ನಾಟಕದ ಎಲ್ಲರಿಗೂ ಗೊತ್ತಿರುವ ನಂದಿನಿ ಹಾಲು ಮತ್ತು ನಂದಿನಿ ಡಿಲಕ್ಸ್ ಹೋಟೆಲಿನ ಕೇಸು ನೋಡಿ. 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನವರ ಪರ ತೀರ್ಪು ಕೊಟ್ಟಿತು. ಹಾಲು ಮಾರುವವರ ವ್ಯಾಪಾರ ಬೇರೆ, ಊಟ ಬಡಿಸುವವರ ವ್ಯಾಪಾರ ಬೇರೆ, ಗಿರಾಕಿಗೆ ಗೊಂದಲವಾಗುವುದಿಲ್ಲ ಎಂಬುದು ಅಲ್ಲಿಯ ತಿರುಳು. ನಮ್ಮಲ್ಲಿ ಹಾಗಿಲ್ಲ. ನಮ್ಮದೂ ಸುದ್ದಿ, ಅವರದ್ದೂ ಸುದ್ದಿ. ಅದೇ ಜಿಲ್ಲೆ, ಅದೇ ಭಾಷೆ, ಅದೇ ಅಂಗಡಿಗಳ ಜಾಹೀರಾತು.

ಗೊಂದಲ ಆಗಬಹುದು ಅಂತ ಹೇಳುತ್ತಿಲ್ಲ, ಆಗಿಹೋಗಿದೆ. ದೀಪಾವಳಿ ವಿಶೇಷಾಂಕಕ್ಕೆ ಜಾಹೀರಾತು ಕೇಳಲು ನಮ್ಮ ಹುಡುಗ ಪೇಟೆಗೆ ಹೋದರೆ, ಬಟ್ಟೆ ಅಂಗಡಿಯವರು ‘ನಿಮ್ಮವರು ಆಗಲೇ ಬಂದು ಇಸ್ಕೊಂಡು ಹೋದರಲ್ಲಪ್ಪ’ ಅಂದರು. ಬಂದವರು ಯಾರು ಅಂತ ರಸೀದಿ ನೋಡಿದ ಮೇಲೆ ಗೊತ್ತಾಯಿತು. ರಸೀದಿಯಲ್ಲಿ ನಮ್ಮ ಎರಡು ಪದ ದಪ್ಪ ಅಕ್ಷರದಲ್ಲಿ, ‘ನ್ಯೂಸ್’ ಕೆಳಗೆ ಸಣ್ಣದಾಗಿ. ಅವರ ಚಾನೆಲ್ಲಿನಲ್ಲಿ ಒಬ್ಬ ಪಂಚಾಯ್ತಿ ಸದಸ್ಯರ ಬಗ್ಗೆ ಬಂದ ಸುದ್ದಿಗೆ ಬೈಗುಳ ತಿಂದದ್ದು ನಮ್ಮ ವರದಿಗಾರ. ಈಗ ನಮ್ಮ ಚಾನೆಲ್ ಇಲ್ಲ. ಹುಡುಕಿದವರಿಗೆ ಸಿಗುವುದು ಅವರದ್ದು ಮಾತ್ರ. ಗೊಂದಲ ತಪ್ಪಿಸಲು ತೆಗೆದೆವು ಅಂತ ಹೇಳುವ ನೀವು ಅದನ್ನು ಹತ್ತು ಪಟ್ಟು ಮಾಡಿದ್ದೀರಿ.

ಪತ್ರಿಕಾ ಲೋಕದಲ್ಲಿ ಇಂಥ ಜಗಳ ಹೊಸದಲ್ಲ. ಲಂಡನ್ನಿನಲ್ಲಿ 1888ರಿಂದ ಬರುತ್ತಿರುವ ಫೈನಾನ್ಶಿಯಲ್ ಟೈಮ್ಸ್ ಪತ್ರಿಕೆಗೂ ಟೈಮ್ಸ್ ಆಫ್ ಇಂಡಿಯಾ ಹೊರಡಿಸುವ ನಮ್ಮ ಟೈಮ್ಸ್ ಗುಂಪಿಗೂ ಭಾರತದಲ್ಲಿ ಆ ಹೆಸರು ಯಾರದ್ದು ಎಂಬ ಜಗಳ 1993ರಲ್ಲಿ ಶುರುವಾಗಿ ದಶಕಗಳ ಕಾಲ ಎಳೆಯಿತು. ಇಂಡಿಯನ್ ಎಕ್ಸ್‌ಪ್ರೆಸ್ ಮಾಲೀಕ ರಾಮನಾಥ್ ಗೋಯೆಂಕಾ ತೀರಿಕೊಂಡ ಮೇಲೆ ಅವರ ಪತ್ರಿಕೆಗಳು ಪಾಲಾದವು. ದಕ್ಷಿಣದ ಪಾಲಿನವರು 1999ರಿಂದ ‘ನ್ಯೂ ಇಂಡಿಯನ್ ಎಕ್ಸ್‌ಪ್ರೆಸ್’ ಅಂತ ಹೆಸರು ಹಾಕಿಕೊಂಡರು. ಕನ್ನಡಪ್ರಭ ಓದುತ್ತಿದ್ದವರಿಗೆ ಈ ಕತೆ ನೆನಪಿರಬಹುದು, ಅದೂ ಆ ಗುಂಪಿನದ್ದೇ ಆಗಿತ್ತು. ಯಾರ ಹೆಸರಿಗೆ ‘ನ್ಯೂ’ ಸೇರಬೇಕು ಎಂಬುದು ಪಾಲುದಾರರ ಮಟ್ಟದಲ್ಲಿ ತೀರ್ಮಾನವಾದ ಮಾತು. ಬೆಳಿಗ್ಗೆ ಮನೆಮನೆಗೆ ಪೇಪರ್ ಹಾಕುವ ಹುಡುಗ ಒಂದು ಕಟ್ಟನ್ನು ಮೋರಿಗೆ ಎಸೆದು ತೀರ್ಮಾನ ಮಾಡಲಿಲ್ಲ. ನೀವು ಮಾಡಿದ್ದು ಅದನ್ನು.

ಕೋರ್ಟುಗಳು ಮಧ್ಯೆ ಬಂದಾಗಲೂ ಅಳೆದು ಕೈಹಾಕುತ್ತವೆ. ಟೈಮ್ಸ್ ಗುಂಪಿನವರು ರಿಪಬ್ಲಿಕ್ ಟಿವಿ ಮೇಲೆ ಹಾಕಿದ ಕೇಸಿನಲ್ಲಿ 2020ರ ಅಕ್ಟೋಬರಿನಲ್ಲಿ ದೆಹಲಿ ಹೈಕೋರ್ಟ್ ಕೊಟ್ಟ ಮಧ್ಯಂತರ ಆದೇಶ ಓದಿ. ‘ನ್ಯೂಸ್‌ಅವರ್’ ಎಂಬ ಕಾರ್ಯಕ್ರಮದ ಹೆಸರು ಬಳಸಬೇಡಿ ಎಂದಿತು. ‘ನೇಷನ್ ವಾಂಟ್ಸ್ ಟು ನೋ’ ಎಂಬುದನ್ನು ಮಾತಿನ ನಡುವೆ ಬಳಸಬಹುದು, ಟ್ರೇಡ್‌ಮಾರ್ಕಿನಂತೆ ಬಳಸಿದರೆ ಲೆಕ್ಕ ಇಡಬೇಕು ಎಂದಿತು. ಚಾನೆಲ್ ಮುಚ್ಚಿಸಲಿಲ್ಲ. ಎರಡೂ ಕಡೆಯ ವಕೀಲರ ಮಾತು ಕೇಳಿ, ಅಷ್ಟೇ ಅಷ್ಟು ಕತ್ತರಿಸಿತು. ನೀವು ನಮ್ಮ ಮಾತನ್ನೇ ಕೇಳದೆ ಇಡೀ ಚಾನೆಲ್ ಎತ್ತಿಬಿಟ್ಟಿರಿ.

ಆ ಚಾನೆಲ್ಲಿನಲ್ಲಿ ಏನಿತ್ತು ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರ ಹಾಕುತ್ತಿದ್ದೆವು. ಕಾಯಿ ಹೇರಿಕೊಂಡು ಹೊರಡುವ ಮುಂಚೆ ರೈತರು ಅದನ್ನು ನೋಡುತ್ತಿದ್ದರು. ಪುರಸಭೆಯ ಸಭೆಗಳ ಪೂರ್ತಿ ರೆಕಾರ್ಡಿಂಗ್ ಇತ್ತು. ‘ನಾನು ಹಾಗೆ ಹೇಳೇ ಇಲ್ಲ’ ಅನ್ನುವ ಸದಸ್ಯರಿಗೆ ತೋರಿಸಲು ಊರಿನಲ್ಲಿ ಬೇರೆ ದಾಖಲೆ ಇಲ್ಲ. ಪ್ರವಾಹದ ವರ್ಷ ವರದಾ ನದಿ ದಂಡೆಯ ಹಳ್ಳಿಗಳಲ್ಲಿ ತೆಗೆದ ವಿಡಿಯೊಗಳನ್ನು ಪರಿಹಾರದ ಅರ್ಜಿಗೆ ಎಷ್ಟೋ ಮನೆಯವರು ಬಳಸಿಕೊಂಡಿದ್ದರು. ಇವುಗಳಲ್ಲಿ ಹೆಚ್ಚಿನವು ನಿಮ್ಮ ಸರ್ವರ್ ಬಿಟ್ಟು ಇನ್ನೆಲ್ಲೂ ಇಲ್ಲ. ತೆಗೆದ ಚಾನೆಲ್ಲಿನ ವಿಡಿಯೊಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಅಂತ ಕೇಳಿದ್ದಕ್ಕೂ ಉತ್ತರವಿಲ್ಲ.

ಹಾಗಾಗಿ ನಾವು ಕೇಳುವುದು ಇಷ್ಟು. ಚಾನೆಲ್ಲನ್ನು ಅದೇ ಹೆಸರು, ಅದೇ ವಿಳಾಸ, ಹಳೆಯ ವಿಡಿಯೊಗಳೊಂದಿಗೆ ವಾಪಸ್ ಹಾಕಿ. ಅದು ಆಗುವವರೆಗೆ ಒಂದೂ ವಿಡಿಯೊ ಅಳಿಸುವುದಿಲ್ಲ ಅಂತ ಬರೆದುಕೊಡಿ, ಚಾನೆಲ್ಲಿನ ಆ ವೆಬ್ ವಿಳಾಸವನ್ನು ಬೇರೆಯವರಿಗೆ ಕೊಡಬೇಡಿ. ಅವರು ಕೊಟ್ಟ ದೂರಿನ ಪ್ರತಿ ನಮಗೆ ಬೇಕು. ಅದರಲ್ಲಿ ತಮ್ಮ ಮಾರ್ಕ್ ‘ನೋಂದಾಯಿತ’ ಅಂತ ಬರೆದಿದ್ದರೆ ಅದು ಸುಳ್ಳು, ಅದರ ಬಗ್ಗೆ ನೀವೇನು ಮಾಡುತ್ತೀರಿ ಅಂತಲೂ ತಿಳಿಸಿ. ಮತ್ತು ದಯವಿಟ್ಟು ಆ ಫಾರಂ ಸರಿಮಾಡಿ. ನಂಬರ್ ಜೊತೆಗೆ ಸ್ಟೇಟಸ್ ಕೇಳಿ, ಮೊದಲ ಬಳಕೆಯ ತಾರೀಖು ಕೇಳಿ, ನೋಂದಣಿ ಇಲ್ಲದವರೂ ದಾಖಲೆ ಹಚ್ಚಲು ಜಾಗ ಕೊಡಿ. ನಮ್ಮಂಥ ತಾಲ್ಲೂಕು ಪತ್ರಿಕೆಗಳು ಬಹಳ ಇವೆ. ಹೆಚ್ಚಿನವರ ಬಳಿ ಇರುವುದು ಶೀರ್ಷಿಕೆಯ ಕಾಗದ ಮಾತ್ರ.

ಅವರ ಚಾನೆಲ್ ತೆಗೆಯಿರಿ ಅಂತ ನಾನು ಕೇಳುತ್ತಿಲ್ಲ, ಗಮನಿಸಿ. ಆ ಹೆಸರು ಯಾರದ್ದು ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ, ನನ್ನದೂ ಅಲ್ಲ. ಅವರ ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದರೆ ನಾಲ್ಕು ತಿಂಗಳೊಳಗೆ ಚೆನ್ನೈ ಕಚೇರಿಯಲ್ಲಿ ವಿರೋಧ ಸಲ್ಲಿಸುತ್ತೇವೆ. ಪಾಸಿಂಗ್ ಆಫ್ ದಾವೆಗೂ ವಕೀಲರ ಜೊತೆ ಮಾತಾಡಿದ್ದೇವೆ. ಅಲ್ಲಿ ಆದೇಶ ಆಗುವವರೆಗೆ ಇಬ್ಬರೂ ಇರಲಿ.

2021ರ ಐಟಿ ನಿಯಮಗಳ ಪ್ರಕಾರ ಈ ದೂರು ತಲುಪಿದ್ದಕ್ಕೆ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ನಿಯಮದ ಗಡುವಿನೊಳಗೆ ಇತ್ಯರ್ಥ ಮಾಡಬೇಕು. ಆಗದಿದ್ದರೆ ಕೇಂದ್ರ ಸರ್ಕಾರದ ಗ್ರೀವೆನ್ಸ್ ಅಪೀಲು ಸಮಿತಿಗೆ ಹೋಗುತ್ತೇವೆ. ಉತ್ತರ ಕನ್ನಡದಲ್ಲಿದ್ದರೂ ಸರಿ, ಇಂಗ್ಲಿಷಿನಲ್ಲಿದ್ದರೂ ಸರಿ. ಈ ಪತ್ರ ಓದಿದ ಅಧಿಕಾರಿಯ ಹೆಸರು, ಸಹಿ ಅದರಲ್ಲಿರಲಿ.

ಇದರೊಂದಿಗೆ ಶೀರ್ಷಿಕೆ ಮತ್ತು ನೋಂದಣಿ ಪತ್ರ, 1998ರ ಮೊದಲ ಸಂಚಿಕೆಯ ಮುಖಪುಟ, ಆಯ್ದ ವರ್ಷಗಳ ಜಾಹೀರಾತು ಬಿಲ್ಲುಗಳು, ಎದುರಿನವರ ಅರ್ಜಿಯ ಸ್ಟೇಟಸ್ ಪುಟ ಮತ್ತು ಬಟ್ಟೆ ಅಂಗಡಿಯ ರಸೀದಿಯ ನಕಲು ಲಗತ್ತಿಸಿದೆ.

ಇಂತಿ,
ಸಂಪಾದಕ ಮತ್ತು ಪ್ರಕಾಶಕ