ಬೌರಿಂಗ್‌ಪೇಟೆಯ ಆ ಗೊಲ್ಲಪಲ್ಲಿ ಯಾವುದು, ದೊಡ್ಡಪ್ಪ?

ಡರ್ಬನ್, ದಕ್ಷಿಣ ಆಫ್ರಿಕಾ,
ಭಾನುವಾರ

ಪೂಜ್ಯ ದೊಡ್ಡಪ್ಪನವರಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ದೊಡ್ಡಮ್ಮನ ಮಂಡಿನೋವು ಈಗ ಹೇಗಿದೆ ತಿಳಿಸಿ. ಫೋನಿನಲ್ಲಿ ಹೇಳಬಹುದಾದ ಮಾತಾಗಿದ್ದರೆ ಹೇಳಿಬಿಡುತ್ತಿದ್ದೆ. ಆದರೆ ಈ ಸಂಗತಿಯನ್ನು ನೀವು ಮುಂದಿಟ್ಟುಕೊಂಡು ಎರಡೆರಡು ಸಲ ಓದಬೇಕು, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಬಂಗಾರಪೇಟೆ ತಾಲ್ಲೂಕಿನಲ್ಲಿ ಗ್ರಾಮ ಲೆಕ್ಕಿಗರಾಗಿ ಊರೂರು ಸುತ್ತಿದ ನಿಮ್ಮನ್ನು ಬಿಟ್ಟರೆ ಇದನ್ನು ಕೇಳಲು ನನಗೆ ಬೇರೆ ಯಾರೂ ಇಲ್ಲ.

ನಮ್ಮ ಪಕ್ಕದ ಮನೆಯ ಅಜ್ಜಿಯ ಬಗ್ಗೆ ಅಮ್ಮ ನಿಮಗೆ ಹೇಳಿರಬೇಕು. ಎಂಬತ್ತು ದಾಟಿದವರು. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಜ್ವರ ಬಂದು ಮಲಗಿದಾಗ ಗಂಜಿ ಕಾಯಿಸಿ ತಂದುಕೊಟ್ಟವರು ಅವರೇ. ಅವರ ತಾತ ಮದ್ರಾಸಿನಲ್ಲಿ ಹಡಗು ಹತ್ತಿ ಇಲ್ಲಿನ ಕಬ್ಬಿನ ತೋಟಕ್ಕೆ ಗಿರ್ಮಿಟಿಯಾ, ಅಂದರೆ ಕರಾರಿನ ಕೂಲಿಯಾಗಿ ಬಂದರು. 1860ರ ನವೆಂಬರ್ 16ರಂದು ‘ಟ್ರೂರೊ’ ಎಂಬ ಹಡಗು ಮದ್ರಾಸಿನಿಂದ ಮೊದಲ ತಂಡವನ್ನು ಡರ್ಬನ್ನಿಗೆ ತಂದಿತು. 1911ರಲ್ಲಿ ಈ ಪದ್ಧತಿ ನಿಲ್ಲುವ ಹೊತ್ತಿಗೆ ಹಾಗೆ ಬಂದವರು 1,52,184 ಮಂದಿ. ಅಷ್ಟು ಜನರೊಳಗೆ ಒಬ್ಬ ತಾತನನ್ನು ಹುಡುಕಬೇಕಿತ್ತು, ಅದೂ ಎರಡೇ ಎರಡು ಸುಳಿವು ಹಿಡಿದು. ಹೆಸರು ‘ಮುನಿ’ ಎಂದು ಶುರುವಾಗುತ್ತಿತ್ತು. ಊರು ‘ಮೈಸೂರು’.

ಈ ‘ಮೈಸೂರು’ ಆ ಮನೆಯವರನ್ನು ಎಷ್ಟು ದಿಕ್ಕು ತಪ್ಪಿಸಿದೆ ಎಂದರೆ, ಅಜ್ಜಿಯ ಮಗ ಇಂಡಿಯಾ ಪ್ರವಾಸಕ್ಕೆ ಬಂದವರು ನೇರವಾಗಿ ಮೈಸೂರಿಗೇ ಹೋಗಿದ್ದರು. ಅರಮನೆ ನೋಡಿದರು, ಚಾಮುಂಡಿಬೆಟ್ಟ ಹತ್ತಿದರು, ಸಿಕ್ಕ ಹಿರಿಯರನ್ನೆಲ್ಲ ವಿಚಾರಿಸಿದರು, ಬರಿಗೈಯಲ್ಲಿ ಮರಳಿದರು. ಕೇಳಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಕಾಲದಲ್ಲಿ ಮದ್ರಾಸಿನ ಗುಮಾಸ್ತನಿಗೆ ಮೈಸೂರು ಎಂದರೆ ಇಡೀ ಸಂಸ್ಥಾನ. ಕೋಲಾರದವನೂ ಮೈಸೂರಿನವನೇ, ಚಿತ್ರದುರ್ಗದವನೂ ಮೈಸೂರಿನವನೇ. ಇದನ್ನು ಹೇಳಬಲ್ಲವರು ಒಬ್ಬರಾದರೂ ಆ ಮನೆಯವರಿಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ.

ಹೆಸರಿನ ಕಥೆ ಇನ್ನೂ ಕಷ್ಟದ್ದು. ನಮ್ಮ ಸೀಮೆಯಲ್ಲಿ ಮುನಿಯಪ್ಪ, ಮುನಿಸ್ವಾಮಿ, ಮುನಿವೆಂಕಟಪ್ಪ, ಮುನಿಶಾಮಪ್ಪ ಎಷ್ಟು ಜನ ಎಂದು ನಿಮಗೆ ಹೇಳಬೇಕೆ? ಇಲ್ಲಿಗೆ ಬಂದಮೇಲೆ ಅಪ್ಪನ ಹೆಸರೇ ಮಕ್ಕಳಿಗೆ ಮನೆತನದ ಹೆಸರಾಗಿದೆ, ಅದೂ ಇಂಗ್ಲಿಷ್ ಗುಮಾಸ್ತರ ಕಿವಿಗೆ ಕೇಳಿಸಿದಂತೆ. ಗೌಂಡರ್ ಇಲ್ಲಿ ಗೊವೆಂಡರ್, ಮುದಲಿಯಾರ್ ಇಲ್ಲಿ ಮೂಡ್ಲಿ, ಮುನಿಸ್ವಾಮಿ ಇಲ್ಲಿ ಮುನ್ಸಾಮಿ. ಹಡಗಿನ ಪಟ್ಟಿಗಳಲ್ಲಿ ಹೆಸರು ಹಿಡಿದು ಹುಡುಕಿದಷ್ಟೂ ಮುನಿಗಳು ಸಿಕ್ಕರು, ಇವರಲ್ಲಿ ನಮ್ಮವರು ಯಾರು ಎಂದು ಹೇಳುವ ಗುರುತು ಮಾತ್ರ ಸಿಗಲಿಲ್ಲ. ಹೆಸರಿನ ಹಿಂದೆ ಹೋಗುವುದನ್ನು ಬಿಟ್ಟು ನಂಬರಿನ ಹಿಂದೆ ಹೋಗೋಣ ಎಂದು ನಾನು ಹಟ ಹಿಡಿದೆ.

ಇಲ್ಲಿಗೆ ಬಂದ ಪ್ರತಿಯೊಬ್ಬರಿಗೂ ಒಂದು ‘ಕಲೋನಿಯಲ್ ನಂಬರ್’ ಕೊಡುತ್ತಿದ್ದರು. ಒಂದರಿಂದ ಶುರುವಾಗಿ ಕೊನೆಯವರೆಗೂ ಏರುತ್ತಲೇ ಹೋದ ಸಂಖ್ಯೆ ಅದು. ಆ ನಂಬರನ್ನು ನೋಡಿದರೆ ಹೆಚ್ಚುಕಡಿಮೆ ಯಾವ ವರ್ಷ ಬಂದವರು ಎಂದು ಹೇಳಿಬಿಡಬಹುದು. ಮದುವೆಯ ದಾಖಲೆಯಲ್ಲಿ, ಮಗುವಿನ ಜನನ ನೋಂದಣಿಯಲ್ಲಿ, ತೋಟ ಬದಲಿಸಿದಾಗ, ಎಲ್ಲೆಡೆಯೂ ಅದು ಆ ಮನುಷ್ಯನ ಬೆನ್ನಿಗೇ ಇರುತ್ತಿತ್ತು. ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದರೂ ನಂಬರನ್ನು ಎಚ್ಚರದಿಂದ ಬರೆಯುತ್ತಿದ್ದರು. ಕೂಲಿಯ ಲೆಕ್ಕ, ಕರಾರಿನ ಲೆಕ್ಕ ನಡೆಯುತ್ತಿದ್ದದ್ದೇ ಅದರ ಮೇಲೆ.

ಅಜ್ಜಿಯ ಟ್ರಂಕಿನಲ್ಲಿ ಅವರ ಅಪ್ಪನ ಜನನ ಪ್ರಮಾಣಪತ್ರದ ನಕಲು ಇತ್ತು. ಮಡಿಕೆಯ ಮೇಲೆ ಹರಿದು ಎರಡು ಚೂರಾಗಿತ್ತು. ತಂದೆಯ ಹೆಸರಿನ ಪಕ್ಕದಲ್ಲಿ ಒಂದು ನಂಬರ್, ತಾಯಿಯ ಹೆಸರಿನ ಪಕ್ಕದಲ್ಲಿ ಇನ್ನೊಂದು. ಎರಡೂ ಆರಂಕಿಯವು, ಆದರೆ ನಡುವೆ ಸಾವಿರಾರು ಸಂಖ್ಯೆಗಳ ಅಂತರ. ಅಂದರೆ ತಾತ, ಅವರ ಹೆಂಡತಿ ಅವ್ವ ಒಂದೇ ಹಡಗಿನಲ್ಲಿ ಬಂದವರಲ್ಲ, ಇಲ್ಲಿ ಬಂದಮೇಲೆ ಮದುವೆಯಾದವರು.

ಅಲ್ಲಿಗೆ ಇನ್ನೊಂದು ಗಂಟು ಬಿಚ್ಚಿಕೊಂಡಿತು. ಈ ಮನೆಯವರು ಮೊದಲಿನಿಂದಲೂ ತಾವು ತೆಲುಗರು ಎಂದೇ ತಿಳಿದಿದ್ದರು, ಮನೆಯಲ್ಲಿ ಉಳಿದಿದ್ದ ನಾಲ್ಕು ಮಾತುಗಳು ತೆಲುಗಿನವು. ಹಾಗಾಗಿ ಹಡಗಿನ ಪಟ್ಟಿಗಳಲ್ಲಿ ಮಾತ್ರ ತಾತನನ್ನೂ ಗೋದಾವರಿ, ವಿಶಾಖಪಟ್ಟಣದ ಕಡೆಯವರ ಪಟ್ಟಿಯಲ್ಲೇ ಹುಡುಕುತ್ತಿದ್ದರು. ತಾಯಿಯ ನಂಬರ್ ತೆಗೆದು ನೋಡಿದರೆ ಆಕೆಯ ಜಿಲ್ಲೆ ನಾರ್ತ್ ಆರ್ಕಾಟ್. ಚಿತ್ತೂರು ಆಗ ಅದರೊಳಗೇ ಸೇರಿತ್ತು. ಮನೆಯಲ್ಲಿ ಉಳಿದದ್ದು ಅವ್ವನ ಮಾತು, ತಾತನದಲ್ಲ. ತಾತನ ಮಾತು ಬೇರೆ ಇದ್ದಿರಬಹುದು ಎಂಬ ಯೋಚನೆಯೇ ಯಾರಿಗೂ ಬಂದಿರಲಿಲ್ಲ. ನಮ್ಮ ಕಡೆ ಮೂರು ಭಾಷೆ ಒಂದೇ ಸಂತೆಯಲ್ಲಿ ನಡೆಯುತ್ತದೆ. ಹಾಗಿರುವಾಗ ಮನೆಮಾತು ನೋಡಿ ಊರು ಹೇಳಲಾಗದು ಎಂದು ನಾನು ಅವರಿಗೆ ಬಿಡಿಸಿ ಹೇಳಿದೆ.

ಈಗ ಹಡಗಿನ ಪಟ್ಟಿಯಲ್ಲಿ ತಾತನ ನಂಬರಿನ ಎದುರಿಗಿರುವ ಸಾಲು. ಅದನ್ನು ಇಲ್ಲಿ ಇದ್ದ ಹಾಗೆಯೇ ಹೇಳುತ್ತೇನೆ, ದೊಡ್ಡಪ್ಪ, ಗಮನವಿಟ್ಟು ನೋಡಿ. ಜಿಲ್ಲೆ: ಮೈಸೂರು. ಠಾಣೆ: ಬೌರಿಂಗ್‌ಪೇಟ್. ಊರು: ಗೊಲ್‌ಪಲ್ಲಿ, ಅಥವಾ ಗೊಲ್ಲಪುಲ್ಲಿ, ನಡುವಿನ ಅಕ್ಷರದ ಮೇಲೆ ಶಾಯಿ ಹರಡಿದೆ. ವಯಸ್ಸು 22. ಗುರುತು: ಎಡ ಮೊಣಕಾಲಿನ ಕೆಳಗೆ ಗಾಯದ ಕಲೆ. ಈ ಕೊನೆಯ ಮಾತು ಓದಿದಾಗ ಅಜ್ಜಿ ತಟ್ಟನೆ ತಮ್ಮ ಕಾಲನ್ನು ಮುಟ್ಟಿಕೊಂಡರು. ತಾತನನ್ನು ಅವರು ಕಂಡವರಲ್ಲ, ಮನೆಯಲ್ಲಿ ಅವರ ಒಂದು ಫೋಟೋ ಕೂಡ ಇಲ್ಲ. ಆ ಕಲೆಯ ಬಗ್ಗೆ ಓದಿದ ಮೇಲೆಯೇ ತಾತ ತಮಗೆ ಮನುಷ್ಯನಾಗಿ ಕಂಡರು ಎಂದರು.

ಬೌರಿಂಗ್‌ಪೇಟ್ ಎಂಬ ಹೆಸರು ಇಂದಿನ ಯಾವ ನಕ್ಷೆಯಲ್ಲೂ ಇಲ್ಲ, ಹೀಗಾಗಿ ಇಲ್ಲಿ ಇದನ್ನು ನೋಡಿದವರು ಅಲ್ಲಿಗೇ ಕೈಬಿಟ್ಟಿದ್ದರು. ನನಗೆ ಮಾತ್ರ ಕಣ್ಣಿಗೆ ಬಿದ್ದೊಡನೆ ಎದೆ ಧಸಕ್ಕೆಂದಿತು. ಹಿಂದೆ ಮೈಸೂರಿನ ಕಮಿಷನರ್ ಬೌರಿಂಗ್ ಹೆಸರು ಹೊತ್ತಿದ್ದ ನಮ್ಮ ಬಂಗಾರಪೇಟೆ! ಅಲ್ಲಿಂದ ಜೋಲಾರಪೇಟೆಯ ಮೇಲೆ ಮದ್ರಾಸಿಗೆ ರೈಲು ಇತ್ತು. ಇಪ್ಪತ್ತೆರಡರ ಹುಡುಗ ಅದೇ ಸ್ಟೇಷನ್ನಿನಲ್ಲಿ ರೈಲು ಹತ್ತಿರಬೇಕು. ನಾನು ಕಾಲೇಜಿಗೆ ಹೋಗುವಾಗ ದಿನವೂ ನಿಂತಿದ್ದ ಸ್ಟೇಷನ್ ಅದು.

ಉಳಿದದ್ದು ಊರು. ಗೊಲ್ಲಪಲ್ಲಿ ಎಂದರೆ ನಮ್ಮ ಬಾಯಲ್ಲಿ ಗೊಲ್ಲಹಳ್ಳಿ ಇರಬಹುದು. ಬರೆದುಕೊಂಡ ಗುಮಾಸ್ತ ತೆಲುಗಿನವನಾಗಿದ್ದರೆ ಹಳ್ಳಿಯನ್ನು ಪಲ್ಲಿ ಮಾಡುವುದು ಸಹಜ. ಆದರೆ ಕೋಲಾರ ಜಿಲ್ಲೆಯಲ್ಲಿ ಗೊಲ್ಲಹಳ್ಳಿ ಒಂದೆರಡೇ? ಮೇಲಾಗಿ ಆಗಿನ ಬೌರಿಂಗ್‌ಪೇಟೆ ತಾಲ್ಲೂಕು ಈಗ ಬಂಗಾರಪೇಟೆ, ಕೆಜಿಎಫ್ ಎಂದು ಒಡೆದಿದೆ. ಅದಕ್ಕೇ ತಾತನೊಬ್ಬರನ್ನೇ ನೋಡುವುದನ್ನು ಬಿಟ್ಟು ಪಟ್ಟಿಯಲ್ಲಿ ಅವರ ಮೇಲಿನ, ಕೆಳಗಿನ ಸಾಲುಗಳನ್ನು ಓದುತ್ತಾ ಹೋದೆ. ಒಂದೇ ಊರಿನವರು, ಒಂದೇ ಸೀಮೆಯವರು ಜೊತೆಯಾಗಿ ಹೊರಟು, ಹಡಗಿಗೆ ಕಾಯುವ ಡಿಪೋದಲ್ಲಿ ಒಟ್ಟಿಗೆ ಇದ್ದು, ಪಟ್ಟಿಯಲ್ಲೂ ಅಕ್ಕಪಕ್ಕವೇ ನಿಲ್ಲುವುದುಂಟು. ತಾತನಿಗಿಂತ ಎರಡು ನಂಬರ್ ಹಿಂದಿರುವ ವ್ಯಕ್ತಿಯ ಊರು ‘ಬೂದಿಕೊಟ್ಟಾ’. ಬೂದಿಕೋಟೆಯಲ್ಲದೆ ಬೇರೆ ಏನಿದ್ದೀತು? ಹೈದರಾಲಿ ಹುಟ್ಟಿದ ಊರು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಹಾಗಾಗಿ ನನ್ನ ಮನಸ್ಸು ಬೂದಿಕೋಟೆ ಹೋಬಳಿಯ ಸುತ್ತಮುತ್ತಲೇ ಸುಳಿಯುತ್ತಿದೆ.

ಎರಡು ಅನುಮಾನಗಳನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಗುಮಾಸ್ತರು ಕೈ ಸೋತಾಗ ‘ಮೇಲಿನಂತೆ’ ಎಂಬ ಗುರುತನ್ನು ಸಾಲುಸಾಲಾಗಿ ಎಳೆದುಬಿಡುತ್ತಿದ್ದರು, ಅಂಥ ಕಡೆ ಊರನ್ನು ಪೂರ್ತಿ ನಂಬುವಂತಿಲ್ಲ. ತಾತನ ಸಾಲಿನಲ್ಲಿ ಊರನ್ನು ಬಿಡಿಸಿ ಬರೆದಿದ್ದಾರೆ, ಅದೊಂದು ಪುಣ್ಯ. ಎರಡನೆಯದು ಕೋಲಾರ ಚಿನ್ನದ ಗಣಿ. ಗಣಿ ಕೆಲಸಕ್ಕೆಂದು ಆರ್ಕಾಟಿನಿಂದ, ಚಿತ್ತೂರಿನಿಂದ ಬಂದು ನೆಲೆಸಿದವರು ಆಗ ಸಾವಿರಾರು ಮಂದಿ. ಅಂಥವರೂ ಊರು ಕೇಳಿದರೆ ಬೌರಿಂಗ್‌ಪೇಟೆ ಎನ್ನಬಹುದಿತ್ತು. ಹಳ್ಳಿಯ ಹೆಸರನ್ನೂ ಹೇಳಿರುವುದರಿಂದ ಇವರು ಅಲ್ಲಿಯವರೇ ಎಂದು ನನ್ನ ಎಣಿಕೆ. ಜಾತಿಯ ಕಾಲಂ ಅನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ, ನೀವೂ ಹಿಡಿಯಬೇಡಿ. ಹೊಟ್ಟೆಪಾಡಿಗೆ ಹೊರಟವರು ಡಿಪೋದಲ್ಲಿ ಏನು ಹೇಳಿದರೋ, ಬರೆದವನು ಏನು ಬರೆದನೋ.

ತಾತ ವಾಪಸು ಯಾಕೆ ಬರಲಿಲ್ಲ ಎಂದು ನೀವು ಕೇಳುತ್ತೀರಿ. ಐದು ವರ್ಷದ ಕರಾರು ಮುಗಿದ ಮೇಲೆ ಮತ್ತೆ ಕೂಲಿಗೆ ಸೇರದೆ ಸ್ವತಂತ್ರವಾಗಿ ಇಲ್ಲೇ ಉಳಿಯುವವರ ಮೇಲೆ ವರ್ಷಕ್ಕೆ ತಲೆಗೆ ಮೂರು ಪೌಂಡ್ ತೆರಿಗೆ ಇತ್ತು. ಮೊದಲ ವರ್ಷದ ಕೂಲಿ ತಿಂಗಳಿಗೆ ಹತ್ತು ಶಿಲಿಂಗ್. ಅಂದರೆ ಗಂಡಾಳಿನ ಆರು ತಿಂಗಳ ಸಂಬಳ ತೆರಿಗೆಗೇ. ಹದಿಮೂರು ದಾಟಿದ ಹೆಣ್ಣುಮಕ್ಕಳಿಗೂ ಅದು ತಪ್ಪುತ್ತಿರಲಿಲ್ಲ. ಅದನ್ನು ಕಟ್ಟಲಾಗದೆ ಎಷ್ಟೋ ಮಂದಿ ಮತ್ತೆ ಮತ್ತೆ ಕರಾರಿಗೆ ಹೆಬ್ಬೆಟ್ಟು ಒತ್ತಿದರು. ಈ ತಾತನ ನಂಬರ್ ಕೂಡ ಎರಡನೆಯ ತೋಟದ ಕಾಗದದಲ್ಲಿ ಮತ್ತೆ ಕಾಣಿಸುತ್ತದೆ. ಗಾಂಧೀಜಿಯವರ ನಾಯಕತ್ವದಲ್ಲಿ 1913ರ ದೊಡ್ಡ ಮುಷ್ಕರ ನಡೆದು, 1914ರಲ್ಲಿ ಆ ತೆರಿಗೆ ರದ್ದಾಯಿತು. ಅಷ್ಟರಲ್ಲಿ ಮನೆ, ಮಕ್ಕಳು ಎಲ್ಲ ಇಲ್ಲೇ ಆಗಿಹೋಗಿತ್ತು.

ನಿಮ್ಮಿಂದ ಆಗಬೇಕಾದದ್ದು ಇಷ್ಟು. ಬೂದಿಕೋಟೆ ಸುತ್ತಿನಲ್ಲಿ ಗೊಲ್ಲಹಳ್ಳಿ, ಗೊಲ್ಲಪಲ್ಲಿ, ಗೊಲ್ಲರಹಳ್ಳಿ ಎಂದು ಈಗ ಇರುವ ಊರುಗಳ ಜೊತೆಗೆ ಬೇಚರಾಕ್ ಗ್ರಾಮಗಳನ್ನೂ ನೋಡಿ. ಜನ ಬಿಟ್ಟುಹೋದರೂ ಕಂದಾಯದ ಲೆಕ್ಕದಲ್ಲಿ ಉಳಿದಿರುವ ಊರುಗಳನ್ನು ನಿಮ್ಮಷ್ಟು ಬಲ್ಲವರು ಯಾರಿದ್ದಾರೆ? ಸರ್ವೆ ನಂಬರುಗಳನ್ನು ನಕ್ಷೆಯಲ್ಲಿ ತೋರಿಸುವ ದಿಶಾಂಕ್ ಆ್ಯಪ್‌ನಲ್ಲಿ ಹುಡುಕಿಕೊಡಲು ತಮ್ಮನಿಗೆ ಹೇಳಿದ್ದೇನೆ, ಆದರೆ ಹಳೆಯ ಗ್ರಾಮ ನಕ್ಷೆ, ಹೊಲಹೊಲದ ವಿವರವಿರುವ ಖೇತವಾರು ಪತ್ರಿಕೆ ಓದಲು ನಿಮ್ಮ ಕಣ್ಣೇ ಬೇಕು. ರೈತರ ಹೆಸರಿನಲ್ಲಿ ಈ ತಾತನ ಮನೆಯವರು ಸಿಗುವುದು ಕಷ್ಟ, ಭೂಮಿ ಇದ್ದವರು ಇಷ್ಟು ದೂರ ಕೂಲಿಗೆ ಬರುವುದು ಅಪರೂಪ. ಊರು ಗುರುತಾದರೆ ಸಾಕು. ರೈಸ್ ಸಾಹೇಬರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಕೋಲಾರ ಸಂಪುಟ ಲೈಬ್ರರಿಯಲ್ಲಿ ಸಿಕ್ಕರೆ ಅದರಲ್ಲಿ ಬೌರಿಂಗ್‌ಪೇಟೆ ತಾಲ್ಲೂಕಿನ ಭಾಗ ತೆಗೆಯಿರಿ. 1905ರಲ್ಲಿ ಅಚ್ಚಾದದ್ದು. ಆ ಕಾಲದವರು ನಮ್ಮ ಊರಿನ ಹೆಸರುಗಳನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಿದ್ದರು ಎಂಬುದು ಅದರಿಂದ ತಿಳಿಯುತ್ತದೆ.

ಊರಿಗೆ ಹೋಗಿ ವಿಚಾರಿಸುವಾಗ ಮೊದಲ ಮಾತಿಗೇ ‘ಇವರು ಆಸ್ತಿಗೆ ಬಂದವರಲ್ಲ’ ಎಂದು ಹೇಳಿಬಿಡಿ. ಪಹಣಿಯ ಭಯ ಬಿದ್ದರೆ ಯಾರೂ ಬಾಯಿಬಿಡುವುದಿಲ್ಲ. ಆಮೇಲೆ ವಯಸ್ಸಾದ ಹೆಂಗಸರನ್ನು ಕೇಳಿ: ತಮ್ಮ ಅತ್ತೆಯೋ ಅಜ್ಜಿಯೋ ಹಡಗು ಹತ್ತಿ ಹೋದವನೊಬ್ಬನ ಮಾತು ಎತ್ತುತ್ತಿದ್ದರೇ, ಅವನ ಪಾಲಿನ ಎಡೆ ಇಡುತ್ತಿದ್ದರೇ ಎಂದು. ಗಂಡಸರು ಜಮೀನಿನ ಲೆಕ್ಕ ನೆನಪಿಟ್ಟರೆ ಹೆಂಗಸರು ಇಂಥದ್ದನ್ನು ನೆನಪಿಡುತ್ತಾರೆ.

ಪಟ್ಟಿಯ ಆ ಪುಟದ ನಕಲನ್ನು ಇದರ ಜೊತೆ ಇಟ್ಟಿದ್ದೇನೆ. ತಾತನ ಸಾಲಿಗೂ ಬೂದಿಕೋಟೆಯವರ ಸಾಲಿಗೂ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಅಜ್ಜಿ ಮುಂದಿನ ಚಳಿಗಾಲದೊಳಗೆ ಒಮ್ಮೆ ಬರಬೇಕೆಂದು ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದಾರೆ. ಬಂದರೆ ನಮ್ಮ ಮನೆಯಲ್ಲೇ ಇಳಿದುಕೊಳ್ಳಬೇಕು ಎಂದು ನಿಮ್ಮನ್ನು ಕೇಳದೆಯೇ ಮಾತು ಕೊಟ್ಟಿದ್ದೇನೆ. ದೊಡ್ಡಮ್ಮನಿಗೂ ತಿಳಿಸಿ.

ಎಲ್ಲರಿಗೂ ನನ್ನ ನಮಸ್ಕಾರ, ಚಿಕ್ಕವರಿಗೆ ಆಶೀರ್ವಾದ.

ಇಂತಿ ನಿಮ್ಮ ಮಗಳು