ಬರದ ಸುದ್ದಿಯಲ್ಲಿ ಸಂತೆಯ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಮಳೆ ಕೈಕೊಟ್ಟ ವರ್ಷ ಪತ್ರಿಕೆಗಳಲ್ಲಿ ಎರಡು ಅಂಕಿ ತಪ್ಪದೆ ಬರುತ್ತವೆ: ವಾಡಿಕೆ ಮಳೆಗಿಂತ ಎಷ್ಟು ಕಡಿಮೆ, ಜಲಾಶಯದಲ್ಲಿ ಎಷ್ಟು ಅಡಿ ನೀರು. ಎರಡೂ ಬೇಕು. ಆದರೆ ಬರವು ಕ್ಷಾಮವಾಗಿ ತಿರುಗುವುದು ಇವುಗಳಲ್ಲಿ ಕಾಣುವುದಿಲ್ಲ. ಅದು ಕಾಣುವುದು ಸಂತೆಯಲ್ಲಿ, ಒಂದು ವಾರದ ಕೂಲಿಗೆ ಎಷ್ಟು ರಾಗಿ, ಎಷ್ಟು ಜೋಳ ಸಿಗುತ್ತದೆ ಎಂಬ ಲೆಕ್ಕದಲ್ಲಿ.

1876-78ರ ಧಾತು-ಈಶ್ವರ ಸಂವತ್ಸರಗಳ ಬರವನ್ನು ನೋಡಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ, 1881ರಲ್ಲಿ ಸುಮಾರು 41.9 ಲಕ್ಷ. ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು, ಮದ್ರಾಸಿನಿಂದ ಧಾನ್ಯವೂ ಬಂತು. ನಿಲ್ದಾಣದಲ್ಲಿಳಿದ ಮೂಟೆ ಹಳ್ಳಿ ಸೇರಲು ಎತ್ತಿನ ಗಾಡಿಯೇ ಗತಿ, ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. ಅದಕ್ಕಿಂತ ದೊಡ್ಡ ಪೆಟ್ಟು, ಕೊಳ್ಳುವವರ ಕೈಯಲ್ಲಿ ಕಾಸಿರಲಿಲ್ಲ. ಕಳೆ, ಕೊಯ್ಲು, ಒಕ್ಕಣೆ ನಿಂತ ದಿನವೇ ಕೂಲಿಯೂ ನಿಂತಿತು. ಹೊಟ್ಟೆಗಿಲ್ಲದವರು ಸೀರೆ ಕೊಳ್ಳುವುದಿಲ್ಲ, ಹಾಗಾಗಿ ಮಗ್ಗವೂ ನಿಂತಿತು. ಊರಿಗೆ ಊರೇ ದನ, ತಾಮ್ರದ ಹಂಡೆ, ಬೆಳ್ಳಿ ಕಡಗ ಮಾರಲು ಹೊರಟರೆ ಅವುಗಳ ಬೆಲೆ ಬೀಳುತ್ತದೆ, ಧಾನ್ಯದ್ದು ಮಾತ್ರ ಏರುತ್ತದೆ.

ಪರಿಹಾರದಲ್ಲಿ ಆದ ತಪ್ಪೂ ಲೆಕ್ಕದ್ದೇ. ವೈಸ್‌ರಾಯ್ ಲಿಟನ್ ಕಳುಹಿಸಿದ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಪರಿಹಾರ ಕಾಮಗಾರಿಗಳಲ್ಲಿ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಒಂದು ಆಣೆಗೆ ಇಳಿಸಿದ. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ದಿನವಿಡೀ ಮಣ್ಣು ಹೊರುವ, ಜಲ್ಲಿ ಒಡೆಯುವ ಮೈಗೆ ಅದು ಸಾಲದು, ಒಂದೂವರೆ ಪೌಂಡ್ ಆದರೂ ಬೇಕು, ಬೇಳೆಯೂ ಬೇಕು ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಬಲವಾಗಿ ವಾದಿಸಿದ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಹಾಗಾಗಿ ಈ ಕೂಲಿ ಅಲ್ಲಿಗೂ ಅನ್ವಯಿಸಿತು. ಆ ಅರ್ಧ ಪೌಂಡಿನ ಉಳಿತಾಯವನ್ನು ನಾನು ಕ್ಷಮಿಸಲಾರೆ. ಇನ್ನೊಂದು ಸಂಗತಿ, ಮಳೆ ಮರಳಿದ ಮೇಲೂ ಸಾವು ನಿಲ್ಲಲಿಲ್ಲ. ಬಡಕಲಾದ ಜನರ ಮೇಲೆ ಮಲೇರಿಯಾ ಎರಗಿತು. ಹೊಲ ಹಸಿಯಾದರೂ ಉಳಲು ಎತ್ತಿಲ್ಲ, ಬಿತ್ತಲು ಬೀಜವಿಲ್ಲ.

ಇಷ್ಟಾದ ಮೇಲೆ ರಿಚರ್ಡ್ ಸ್ಟ್ರೇಚಿ ಆಯೋಗದ ವರದಿಯಿಂದ ಕ್ಷಾಮ ಸಂಹಿತೆಗಳು, ಅಂದರೆ ಕ್ಷಾಮದಲ್ಲಿ ಸರ್ಕಾರ ಏನು ಮಾಡಬೇಕೆಂಬ ನಿಯಮಾವಳಿಗಳು, ಹುಟ್ಟಿದವು. ಅಧಿಕಾರಿಗಳು ಕಣ್ಣಿಡಬೇಕಾದ ಲಕ್ಷಣಗಳು ಅವುಗಳಲ್ಲಿದ್ದವು: ಸಾಲ ಹುಟ್ಟದಿರುವುದು, ಧಾನ್ಯದ ಬೆಲೆ ಏರುವುದು, ಕಳವು ಹೆಚ್ಚುವುದು, ಜನ ಗುಂಪುಗಟ್ಟಿ ಊರು ಬಿಡುವುದು. ಅನುಮಾನವಿದ್ದಲ್ಲಿ ಪರೀಕ್ಷಾ ಕಾಮಗಾರಿ ತೆರೆದು, ಕಡಿಮೆ ಕೂಲಿಗೂ ಎಷ್ಟು ಜನ ಬರುತ್ತಾರೆಂದು ನೋಡುತ್ತಿದ್ದರು. 2016ರ ಕೇಂದ್ರ ಬರ ಕೈಪಿಡಿಯಲ್ಲಿಯೂ ಕೂಲಿ, ವಲಸೆ, ಧಾನ್ಯದ ಬೆಲೆಗಳ ಪ್ರಸ್ತಾಪವಿದೆ, ಆದರೆ ಪೂರಕವಾಗಿ. ಮೊದಲ ಸ್ಥಾನ ಮಳೆ, ತೇವಾಂಶ, ಉಪಗ್ರಹ ಚಿತ್ರಗಳದ್ದು.

ಈ ಕೊರತೆಯನ್ನು ಪತ್ರಿಕೆ ತುಂಬಬಹುದು. ಬರಪೀಡಿತ ತಾಲ್ಲೂಕಿಗೊಂದು ಸಂತೆ ಆರಿಸಿ, ವಾರಕ್ಕೊಮ್ಮೆ ನಾಲ್ಕು ವಿಷಯ ಬರೆದುಕೊಂಡರೆ ಸಾಕು: ರಾಗಿ ಅಥವಾ ಜೋಳದ ಚಿಲ್ಲರೆ ಬೆಲೆ, ಕೈಗೆ ನಿಜವಾಗಿ ಸಿಕ್ಕ ಕೂಲಿ, ವಾರದಲ್ಲಿ ಕೆಲಸ ಸಿಕ್ಕ ದಿನಗಳು, ಉಳುವ ಜೋಡೆತ್ತಿನ ಬೆಲೆ. ಕೂಲಿ 400 ರೂಪಾಯಿ, ರಾಗಿ ಕೆಜಿಗೆ 40 ಎಂದುಕೊಳ್ಳಿ. ಐದು ದಿನ ಕೆಲಸವಿದ್ದರೆ 50 ಕೆಜಿ. ಎರಡೇ ದಿನವಾದರೆ 20 ಕೆಜಿ. ರಾಗಿ ಬೆಲೆ ಒಂದು ಪೈಸೆ ಏರಿಲ್ಲ, ಮನೆಯ ಪಾಲು ಅರ್ಧಕ್ಕಿಂತ ಕೆಳಗೆ ಬಿತ್ತು. ಧಾರಣೆ ಮಾತ್ರ ಅಚ್ಚಾದರೆ ಇದು ಯಾರಿಗೂ ಗೊತ್ತಾಗುವುದಿಲ್ಲ. ಪಡಿತರದ ಅಕ್ಕಿ ಹೊಟ್ಟೆ ಕಾಯುವ ಈ ಕಾಲದಲ್ಲಿ ಸಂಕಟ ಮೊದಲು ತೋರುವುದು ಎತ್ತಿನ ಬೆಲೆಯಲ್ಲಿ, ಆದ್ದರಿಂದ ನಾಲ್ಕನೆಯದನ್ನು ಬಿಡಬಾರದು. ಪಾವಗಡ, ಮೊಳಕಾಲ್ಮೂರು, ಕೂಡ್ಲಿಗಿ ಕಡೆಯಿಂದ ಶುರು ಮಾಡಿ.

ಇತಿ,
ಒಬ್ಬ ಇತಿಹಾಸ ಅಧ್ಯಾಪಕ, ಚಿತ್ರದುರ್ಗ